ಆಫ್ರಿಕಾದ ವ್ಯಾಪಾರ ಒಕ್ಕೂಟಗಳು ಒಂದಾಗಬೇಕಾ, ಬೇರೆಬೇರೆಯಾಗಿಯೇ ಇರಬೇಕಾ?

ಮಲ್ಲಿಗೆ_ಧಾರವಾಡ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮುಂದಿನ ತಿಂಗಳು ಸೆಮಿನಾರ್ ಕೊಡಬೇಕು. ಆಫ್ರಿಕಾದ ಪ್ರಾದೇಶಿಕ ವ್ಯಾಪಾರ ಒಕ್ಕೂಟಗಳ ಬಗ್ಗೆ ವಿಷಯ ಸಿಕ್ಕಿದೆ.

ಓದಿದಷ್ಟೂ ಗೋಜಲಾಗುತ್ತಿದೆ. ಆಫ್ರಿಕನ್ ಯೂನಿಯನ್ ಮಾನ್ಯ ಮಾಡಿರುವ ಒಕ್ಕೂಟಗಳೇ ಎಂಟು. ಪಶ್ಚಿಮದಲ್ಲಿ ಎಕೊವಾಸ್, ದಕ್ಷಿಣದಲ್ಲಿ ಸಾಡೆಕ್, ಪೂರ್ವದಲ್ಲಿ ಇಎಸಿ. ಈಜಿಪ್ಟಿನಿಂದ ಜಿಂಬಾಬ್ವೆವರೆಗೆ ಚಾಚಿಕೊಂಡ ಕೊಮೆಸಾ. ಒಂದೇ ದೇಶ ಎರಡು ಮೂರು ಕಡೆ ಸದಸ್ಯ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ಅಂದರೆ ಕಿನ್ಶಾಸಾದ ಕಾಂಗೋ, ನಾಲ್ಕು ಕಡೆ ಇದೆ. 1991ರ ಅಬುಜಾ ಒಪ್ಪಂದದಲ್ಲಿ ಇವೆಲ್ಲ ಹಂತಹಂತವಾಗಿ ಸೇರಿ ಖಂಡಕ್ಕೆ ಒಂದೇ ಆರ್ಥಿಕ ಸಮುದಾಯ ಆಗಬೇಕು ಅಂತ ಬರೆದುಕೊಂಡಿದ್ದರು. 2019ರಲ್ಲಿ ಇಡೀ ಖಂಡದ ಮುಕ್ತ ವ್ಯಾಪಾರ ಒಪ್ಪಂದವೂ ಜಾರಿಗೆ ಬಂತು.

ಹಾಗಾದರೆ ಈ ಹಳೆಯ ಒಕ್ಕೂಟಗಳು ಇನ್ನೂ ಯಾಕೆ? ಎಲ್ಲವನ್ನೂ ಸೇರಿಸಿಬಿಟ್ಟರೆ ಆಗೋದಿಲ್ಲವೇ? ಪುಸ್ತಕದಲ್ಲಿ ಎರಡೂ ಕಡೆಯ ವಾದ ಇದೆ. ಅಲ್ಲಿ ಕೆಲಸ ಮಾಡಿದವರು, ಓಡಾಡಿದವರು ಯಾರಾದರೂ ಇದ್ದರೆ ನಿಮ್ಮ ಅಭಿಪ್ರಾಯ ಹೇಳಿ. ಪುಸ್ತಕದ ಮಾತು ನನ್ನ ಹತ್ತಿರ ಸಾಕಷ್ಟಿದೆ.

ಲೆಕ್ಕದ_ಮೇಷ್ಟ್ರು:

ಆಫ್ರಿಕಾಕ್ಕೆ ನಾನು ಹೋದವನಲ್ಲ. ಆದರೆ ತೆರಿಗೆ ಲೆಕ್ಕ ಬರೆದು ಇಪ್ಪತ್ತು ವರ್ಷ ಆಯಿತು. ನನ್ನ ಪ್ರಕಾರ ಒಂದಾಗಬೇಕು. ಜಿಎಸ್‌ಟಿ ಬರುವ ಮುಂಚೆ ನಮ್ಮ ಲಾರಿಗಳು ರಾಜ್ಯದ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. 2017ರ ಜುಲೈ ಆದಮೇಲೆ ಆ ಸಾಲು ಕರಗಿತು. ನಿಯಮ ಒಂದಾದರೆ ವ್ಯಾಪಾರಿಗೆ ಉಸಿರಾಡಲು ಜಾಗ ಸಿಗುತ್ತದೆ. ಆಫ್ರಿಕಾದ ದೇಶಗಳು ಮಾಡುವ ವ್ಯಾಪಾರದಲ್ಲಿ ತಮ್ಮತಮ್ಮೊಳಗೆ ಮಾಡುವುದು ನೂರಕ್ಕೆ ಸುಮಾರು 15 ಅಂತ ಓದಿದ್ದೇನೆ. ಎಂಟು ಕಚೇರಿ, ಎಂಟು ನಿಯಮ ಇಟ್ಟುಕೊಂಡು ಅದು ಹೆಚ್ಚಾಗೋದು ಹೇಗೆ?

ಕಾರವಾರದವ:

ತಂಗೀ, ನಾನು 2009ರಿಂದ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿದ್ದೇನೆ. ಕ್ಲಿಯರಿಂಗ್ ಅಂಡ್ ಫಾರ್ವರ್ಡಿಂಗ್ ಕೆಲಸ. ಬಂದರಿಗೆ ಬಂದ ಮಾಲು ಬಿಡಿಸಬೇಕು, ಟ್ರೈಲರಿಗೆ ಏರಿಸಬೇಕು, ಜಾಂಬಿಯಾ, ಮಲಾವಿ, ಕಾಂಗೋ ಕಡೆ ಕಳಿಸಬೇಕು. ಇಲ್ಲಿನ ಕಾರ್ಖಾನೆಗಳ ಮಾಲನ್ನೂ ಕಳಿಸುತ್ತೇವೆ. ನಿನ್ನ ಪ್ರಶ್ನೆಯ ಜೊತೆಗೇ ನಾನು ದಿನಾ ಎದ್ದು ಮಲಗುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಟಬ್ಬಿನ ಕಥೆ. ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬು. ನಮ್ಮ ಒಬ್ಬ ಗಿರಾಕಿಗೆ ನೈರೋಬಿಯಲ್ಲೂ ಕಾರ್ಖಾನೆ ಇದೆ, ದಾರ್‌ನಲ್ಲೂ ಇದೆ. ಒಂದೇ ಅಚ್ಚು, ಒಂದೇ ನೀಲಿ ಬಣ್ಣ. ಪ್ಲಾಸ್ಟಿಕ್ ಹರಳು ಎರಡೂ ಕಡೆ ಕೊಲ್ಲಿ ದೇಶಗಳಿಂದಲೇ ಬರುವುದು. ಈ ಟಬ್ಬು ನೈರೋಬಿಯಿಂದ ಜಾಂಬಿಯಾದ ಲುಸಾಕಾಕ್ಕೆ ಹೋದರೆ ಅದರ ಜೊತೆ ಕೊಮೆಸಾದ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಮಾಲು ಒಕ್ಕೂಟದೊಳಗೇ ತಯಾರಾದದ್ದು ಅಂತ ತೋರಿಸಿ ಸುಂಕ ಉಳಿಸುವ ಕಾಗದ, ಇರಬೇಕು. ಕೀನ್ಯಾ ಮತ್ತು ಜಾಂಬಿಯಾ ಎರಡೂ ಇರುವುದು ಅಲ್ಲಿ. ದಾರ್‌ನಿಂದ ಲುಸಾಕಾಕ್ಕೆ ಹೋದರೆ ಸಾಡೆಕ್‌ನದು ಬೇಕು. ತಾಂಜಾನಿಯಾ 2000ದಲ್ಲೇ ಕೊಮೆಸಾ ಬಿಟ್ಟಿತು. ಅದೇ ದಾರ್‌ನ ಟಬ್ಬು ನೈರೋಬಿಗೆ ಹೋದರೆ ಇಎಸಿಯ ಕಾಗದ. ಟಬ್ಬು ಒಂದೇ, ಕಾಗದ ಮೂರು. ನೈರೋಬಿಯ ಲಾರಿ ಲುಸಾಕಾಕ್ಕೆ ಹೋಗೋದೂ ತಾಂಜಾನಿಯಾದ ಮೇಲೆಯೇ. ಸೀಲು ಹಾಕಿಕೊಂಡು ನಮ್ಮ ರಸ್ತೆಯಲ್ಲೇ ಹಾದು ಹೋಗುತ್ತದೆ.

ಕಾಗದ ಇದ್ದರಷ್ಟೇ ಸಾಲದು. ಅದರ ಮೇಲೆ ಸಹಿ ಹಾಕುವ ಅಧಿಕಾರಿ ಯಾರು, ಅವರ ಸಹಿ ಹೇಗಿದೆ, ಮುದ್ರೆ ಹೇಗಿದೆ ಅನ್ನುವ ಮಾದರಿಯನ್ನು ದೇಶಗಳು ಒಂದಕ್ಕೊಂದು ಕಳಿಸಿರುತ್ತವೆ. ಗಡಿಯಲ್ಲಿ ಅದರ ಫೈಲು ಇರುತ್ತದೆ. ಅಧಿಕಾರಿ ಫೈಲು ತೆಗೆದು, ನಮ್ಮ ಕಾಗದ ಪಕ್ಕದಲ್ಲಿಟ್ಟು, ಸಹಿಯ ಬಾಲ ಕೂಡ ಹೊಂದುತ್ತದಾ ಅಂತ ನೋಡುತ್ತಾರೆ. ಕೆಲವು ವರ್ಷದ ಹಿಂದೆ ಹೀಗೇ ಒಂದು ಗಡಿಯಲ್ಲಿ ನಮ್ಮ ಲಾರಿ ನಿಂತಿತು. ಸಹಿ ಹಾಕುವವರು ಬದಲಾಗಿದ್ದರು, ಹೊಸಬರ ಮಾದರಿ ಸಹಿ ಆ ಕಡೆ ತಲುಪಿರಲಿಲ್ಲ. ಡ್ರೈವರ್ ಬೆಳಿಗ್ಗೆ ಫೋನ್ ಮಾಡಿ "ಕುನಾ ತತೀಜೋ" ಅಂದ. ಸ್ವಾಹಿಲಿಯಲ್ಲಿ ಏನೋ ತೊಂದರೆ ಆಗಿದೆ ಅಂತ. ಪೂರ್ತಿ ಸುಂಕ ಕಟ್ಟಿದರೆ ಬಿಡುತ್ತಿದ್ದರು. ಅಷ್ಟು ಕಟ್ಟಿದರೆ ಟಬ್ಬಿನಲ್ಲಿ ಲಾಭವೇ ಉಳಿಯುವುದಿಲ್ಲ. ನಾಲ್ಕು ದಿನ ಆ ಮನುಷ್ಯ ಕ್ಯಾಬಿನ್‌ನಲ್ಲಿ ಮಲಗಿದ. ಅದೇ ಕಾರ್ಖಾನೆಯವರ ನೈರೋಬಿ ಲಾರಿ, ಅದೇ ನೀಲಿ ಟಬ್ಬು, ಇನ್ನೊಂದು ಒಕ್ಕೂಟದ ಕಾಗದ ತೋರಿಸಿ ಅವನ ಕಣ್ಣೆದುರೇ ದಾಟಿ ಹೋಯಿತು. ಗಡಿಯ ಅಧಿಕಾರಿಯನ್ನು ನಾನು ದೂರುವುದಿಲ್ಲ. ಅವರ ಮುಂದಿದ್ದ ಫೈಲಿನ ಪ್ರಕಾರ ಅವರು ಮಾಡಿದ್ದು ಸರಿ.

ಇಷ್ಟು ಕೇಳಿದಮೇಲೆ ಮೇಷ್ಟ್ರ ಹಾಗೆ ನೀನೂ "ಎಲ್ಲ ಸೇರಿಸಿಬಿಡಿ" ಅನ್ನಬಹುದು. ಮೊದಮೊದಲು ನಾನೂ ಹಾಗೇ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ.

ಈ ಒಕ್ಕೂಟಗಳು ಒಂದೇ ಕೆಲಸ ಮಾಡುವ ಎಂಟು ಕಚೇರಿಗಳಲ್ಲ. ದಕ್ಷಿಣದಲ್ಲಿ "ಸಾಕು" (SACU) ಅಂತ ಒಂದು ಒಕ್ಕೂಟ ಇದೆ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾ, ಲೆಸೊಥೊ, ಎಸ್ವಾಟಿನಿ ಸೇರಿ ಕಟ್ಟಿಕೊಂಡ ಸುಂಕ ಒಕ್ಕೂಟ. 1910ರದು, ಪ್ರಪಂಚದಲ್ಲೇ ಹಳೆಯದು. ನಿನ್ನ ಎಂಟರ ಪಟ್ಟಿಯಲ್ಲಿ ಇದು ಬರುವುದೇ ಇಲ್ಲ, ಆದರೆ ಗಟ್ಟಿಯಾಗಿ ನಿಂತಿರುವುದು ಇದೇ. ಐದೂ ದೇಶಗಳ ಸುಂಕ ಒಂದೇ ಹುಂಡಿಗೆ ಬೀಳುತ್ತದೆ, ಆಮೇಲೆ ಸೂತ್ರದ ಪ್ರಕಾರ ಹಂಚಿಕೊಳ್ಳುತ್ತಾರೆ. ಲೆಸೊಥೊ, ಎಸ್ವಾಟಿನಿಯಂಥ ಸಣ್ಣ ದೇಶಗಳ ಸರ್ಕಾರದ ಆದಾಯದಲ್ಲಿ ದೊಡ್ಡ ಪಾಲು ಈ ದುಡ್ಡೇ. ಇದನ್ನು ದೊಡ್ಡದರಲ್ಲಿ ಕರಗಿಸಿ ಅಂದರೆ ಲೆಸೊಥೊದ ಮೇಷ್ಟ್ರುಗಳ ಸಂಬಳ ಎಲ್ಲಿಂದ ಬರಬೇಕು?

ಇನ್ನು ಇಎಸಿ. 2005ರಿಂದ ಇದು ಸುಂಕ ಒಕ್ಕೂಟ. ಹೊರಗಿನ ಮಾಲಿಗೆ ಎಲ್ಲರದೂ ಒಂದೇ ಸುಂಕ. 2014ರಿಂದ ಉಗಾಂಡಕ್ಕೆ ಹೋಗುವ ಮಾಲಿಗೆ ಮೊಂಬಾಸಾ ಬಂದರಿನಲ್ಲೇ ಸುಂಕ ಕಟ್ಟಿ ಮುಗಿಸುವ ವ್ಯವಸ್ಥೆ ಬಂತು. ಲಾರಿ ಒಳಗಿನ ಗಡಿಯಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಈ ಮಟ್ಟಕ್ಕೆ ಬರಲು ಅವರು ಪಟ್ಟ ಪಾಡು ಸಣ್ಣದಲ್ಲ. 21 ದೇಶದ ಕೊಮೆಸಾ ಜೊತೆ ಬೆರೆಸಿದರೆ ಎಲ್ಲರೂ ಒಪ್ಪುವ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಮೇಲೆ ಹತ್ತಿದವರು ಕೆಳಗೆ ಬರಬೇಕು.

ಇನ್ನೊಂದು, ಅಂಗಿಯ ವಿಷಯ. ಹೊರಗಿನಿಂದ ಬಟ್ಟೆ ತರಿಸಿ ಕೀನ್ಯಾದಲ್ಲಿ ಹೊಲಿದರೆ ಕೊಮೆಸಾ ಲೆಕ್ಕದಲ್ಲಿ ಅದು ಕೀನ್ಯಾದ ಅಂಗಿ. ಸಾಡೆಕ್ ಹಾಗೆ ಒಪ್ಪುವುದಿಲ್ಲ. ಬಟ್ಟೆಯೂ ಸಾಡೆಕ್ ದೇಶಗಳೊಳಗೇ ನೇಯ್ದದ್ದಾಗಿರಬೇಕು. ಯಾಕೆ? ದಕ್ಷಿಣ ಆಫ್ರಿಕಾದಲ್ಲಿ ಜವಳಿ ಗಿರಣಿಗಳಿವೆ, ಅಲ್ಲಿನ ಕೆಲಸಗಾರರಿದ್ದಾರೆ. ಒಂದೇ ನಿಯಮ ಮಾಡಿ ಅನ್ನೋದು ಸುಲಭ. ಯಾರ ನಿಯಮ ಅನ್ನೋದು ಕಷ್ಟ. ಒಕ್ಕೂಟ ಸೇರಿಸಿದ ತಕ್ಷಣ ಈ ಜಗಳ ಮಾಯ ಆಗುವುದಿಲ್ಲ. ಅದೇ ಜಗಳ ಇನ್ನೂ ದೊಡ್ಡ ಕೋಣೆಯಲ್ಲಿ ನಡೆಯುತ್ತದೆ, ಅಷ್ಟೆ.

ಅವಸರಪಟ್ಟು ಒಂದಾದರೆ ಏನಾಗುತ್ತದೆ ಅಂತ ಪೂರ್ವ ಆಫ್ರಿಕಾ ಒಮ್ಮೆ ನೋಡಿದೆ. 1967ರ ಹಳೆಯ ಇಎಸಿಯಲ್ಲಿ ಕೀನ್ಯಾ, ಉಗಾಂಡಾ, ತಾಂಜಾನಿಯಾಕ್ಕೆ ರೈಲು ಒಂದೇ, ವಿಮಾನ ಕಂಪನಿ ಒಂದೇ, ಅಂಚೆ ಒಂದೇ, ಬಂದರುಗಳ ಆಡಳಿತವೂ ಒಂದೇ. ರೈಲು, ವಿಮಾನ, ಅಂಚೆ ಹಂಚಿಕೊಳ್ಳುವಷ್ಟು ಹತ್ತಿರ ಇವತ್ತಿನ ಇಎಸಿಯೂ ಬಂದಿಲ್ಲ. ಲಾಭ ಕೀನ್ಯಾಕ್ಕೇ ಜಾಸ್ತಿ ಅನ್ನುವ ಕಹಿ ಬೆಳೆಯಿತು. 1971ರಲ್ಲಿ ಉಗಾಂಡದಲ್ಲಿ ಇದಿ ಅಮೀನ್ ಅಧಿಕಾರಕ್ಕೆ ಬಂದಮೇಲೆ ತಾಂಜಾನಿಯಾದ ಅಧ್ಯಕ್ಷ ನ್ಯೆರೆರೆ ಅವನ ಜೊತೆ ಕೂರಲು ಒಪ್ಪಲಿಲ್ಲ. 1977ರಲ್ಲಿ ಎಲ್ಲ ಮುರಿದುಬಿತ್ತು. ಕೀನ್ಯಾ ಮತ್ತು ತಾಂಜಾನಿಯಾ ನಡುವಿನ ಗಡಿ 1983ರವರೆಗೆ ಮುಚ್ಚಿತ್ತು. ಆಸ್ತಿ ಪಾಲಾದದ್ದು 1984ರಲ್ಲಿ. ನಮ್ಮ ಆಫೀಸಿನಲ್ಲಿ ಒಬ್ಬ ವಯಸ್ಸಾದ ಗುಮಾಸ್ತರಿದ್ದರು. ಅರುಶಾದ ಆಚೆ, ಕೀನ್ಯಾ ಕಡೆಗೆ ಕೊಟ್ಟ ಅಕ್ಕನನ್ನು ಆರು ವರ್ಷ ನೋಡಲು ಆಗಲಿಲ್ಲ ಅಂತ ಹೇಳುತ್ತಿದ್ದರು. ಅವರ ಮುಂದೆ "ವಿಲೀನ" ಅನ್ನುವ ಮಾತು ಯಾರಾದರೂ ಆಡಿದರೆ ಸುಮ್ನೆ ಎದ್ದು ಹೋಗಿಬಿಡುತ್ತಿದ್ದರು.

ಮೇಷ್ಟ್ರೇ, ಜಿಎಸ್‌ಟಿ ಹೋಲಿಕೆ ಇಲ್ಲೇ ಸ್ವಲ್ಪ ಜಾರುತ್ತದೆ. ನಮ್ಮಲ್ಲಿ ರಾಜ್ಯಗಳ ಮೇಲೆ ಒಂದು ಕೇಂದ್ರ ಇದೆ, ಒಂದು ಸಂವಿಧಾನ ಇದೆ. ಆದಾಯ ಕಡಿಮೆಯಾದ ರಾಜ್ಯಗಳಿಗೆ ಐದು ವರ್ಷ ಪರಿಹಾರ ಕೊಡುವ ವ್ಯವಸ್ಥೆ ಇತ್ತು. ಅಲ್ಲಿ ಸೋತ ದೇಶಕ್ಕೆ ತುಂಬಿಕೊಡುವವರು ಯಾರು?

ನನ್ನ ಮಾತು ಇಷ್ಟು. ಒಕ್ಕೂಟಗಳು ಇರಲಿ. ಡ್ರೈವರ್ ಕೈಯಲ್ಲಿ ಹಿಡಿದು ಹೋಗುವ ವಸ್ತು ಮಾತ್ರ ಒಂದಾಗಲಿ. ಸರ್ಟಿಫಿಕೇಟು, ಟ್ರಾನ್ಸಿಟ್ ಬಾಂಡು (ಹಾದು ಹೋಗುವ ಮಾಲಿನ ಸುಂಕಕ್ಕೆ ಕೊಡುವ ಜಾಮೀನು), ಲಾರಿಯ ಇನ್ಶೂರೆನ್ಸು, ತೂಕದ ಚೀಟಿ.

ಇದು ಆಗದ ಮಾತಲ್ಲ. ಲಾರಿಗಳ ಥರ್ಡ್ ಪಾರ್ಟಿ ಇನ್ಶೂರೆನ್ಸಿಗೆ ಕೊಮೆಸಾದ ಯೆಲ್ಲೋ ಕಾರ್ಡ್ ಅಂತ ಇದೆ. ತಾಂಜಾನಿಯಾ ಕೊಮೆಸಾ ಬಿಟ್ಟು ಇಪ್ಪತ್ತೈದು ವರ್ಷ ಆಯಿತು. ಆದರೂ ಆ ಕಾರ್ಡ್ ಇಲ್ಲಿ ಇವತ್ತಿಗೂ ನಡೆಯುತ್ತದೆ. ಯಾರೂ ಅದನ್ನು ಬಿಡಲಿಲ್ಲ, ಯಾಕೆಂದರೆ ಬಿಟ್ಟರೆ ಪ್ರತಿ ಗಡಿಯಲ್ಲೂ ಹೊಸ ಪಾಲಿಸಿ ಮಾಡಿಸಬೇಕು. ಹಾಗೇ ಜಾಂಬಿಯಾ ಮತ್ತು ಜಿಂಬಾಬ್ವೆ ನಡುವಿನ ಚಿರುಂಡು. 2009ರಲ್ಲಿ ಅಲ್ಲಿ ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಕೂರುವ ಗಡಿ ಕಚೇರಿ ಶುರುವಾಯಿತು. ಲಾರಿ ಎರಡು ಸಲ ನಿಲ್ಲುವ ಬದಲು ಒಂದೇ ಸಲ. ನಮ್ಮ ಕಡೆ, ತಾಂಜಾನಿಯಾ ಮತ್ತು ಜಾಂಬಿಯಾ ಗಡಿಯ ತುಂಡುಮಾ, ನಕೊಂಡೆಯಲ್ಲೂ ಈಗ ಹಾಗೇ. ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆದರೂ ಎರಡೂ ಕಡೆಯವರು ಪಕ್ಕಪಕ್ಕದ ಕೌಂಟರಿನಲ್ಲಿ ಕೂತಿರುತ್ತಾರೆ.

ಗೇರುಬೀಜ_ಕಾರ್ಕಳ:

ಕಾರವಾರದವರ ಮಾತಿಗೆ ಪಶ್ಚಿಮದ ಕಡೆಯಿಂದ ಒಂದು ಸೇರಿಸುತ್ತೇನೆ. ನಮ್ಮ ಕರಾವಳಿಯ ಗೇರುಬೀಜ ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲುವುದಿಲ್ಲ. ಐವರಿ ಕೋಸ್ಟ್, ಘಾನಾ, ಬೆನಿನ್, ತಾಂಜಾನಿಯಾದಿಂದ ಹಸಿ ಬೀಜ ಬರುತ್ತದೆ. ಅದನ್ನು ಕೊಳ್ಳುವ ಕೆಲಸಕ್ಕೆ ನಾನು ಬೆನಿನ್‌ನ ಕೊಟೊನೂದಲ್ಲಿ ಕೆಲವು ವರ್ಷ ಇದ್ದೆ.

2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಎಕೊವಾಸ್ ದಿಗ್ಬಂಧನ ಹಾಕಿ ಗಡಿ ಮುಚ್ಚಿಸಿತು. ನೈಜರ್‌ಗೆ ಸಮುದ್ರ ಇಲ್ಲ. ಅದರ ಮಾಲು ಬರುವುದು ಕೊಟೊನೂ ಬಂದರಿನ ಮೇಲೆ. ಮಲಾನ್‌ವಿಲ್ ಅನ್ನುವ ಗಡಿಯೂರಿನಲ್ಲಿ, ನೈಜರ್ ನದಿಯ ಸೇತುವೆಯ ಈಚೆ, ಲಾರಿಗಳು ಕಿಲೋಮೀಟರ್‌ಗಟ್ಟಲೆ ನಿಂತವು. ಟಾರ್ಪಾಲಿನ ಕೆಳಗೆ ಅಕ್ಕಿ, ಸಕ್ಕರೆ. ಲಾರಿಗಳ ಅಡಿಯಲ್ಲೇ ಡ್ರೈವರ್‌ಗಳ ಒಲೆ. ಜನ ಸಣ್ಣ ದೋಣಿಗಳಲ್ಲಿ ಸಾಮಾನು ದಾಟಿಸುತ್ತಿದ್ದರು. 2024ರ ಫೆಬ್ರವರಿಯಲ್ಲಿ ದಿಗ್ಬಂಧನ ತೆಗೆದರು. ಆದರೆ ಆಮೇಲೆ ನೈಜರ್ ತನ್ನ ಕಡೆಯ ಬಾಗಿಲು ತೆರೆಯಲಿಲ್ಲ.

2025ರ ಜನವರಿ 29ರಂದು ಮಾಲಿ, ಬುರ್ಕಿನಾ ಫಾಸೊ, ನೈಜರ್ ಎಕೊವಾಸ್‌ನಿಂದ ಹೊರಗೆ ಹೋದವು. ಅದು 15 ದೇಶದ್ದು ಇದ್ದದ್ದು 12ಕ್ಕೆ ಇಳಿಯಿತು. ಆದರೆ ಈ ಮೂರೂ ಯುಎಮೊಆ ಬಿಟ್ಟಿಲ್ಲ. ಅದು ಸಿಎಫ್‌ಎ ಫ್ರಾಂಕ್ ಬಳಸುವ ಎಂಟು ದೇಶಗಳ ಒಕ್ಕೂಟ. ಅದೇ ನೋಟು, ಅದೇ ಕೇಂದ್ರ ಬ್ಯಾಂಕು. ಹೀಗಾಗಿ ಬುರ್ಕಿನಾದ ವ್ಯಾಪಾರಿ ಐವರಿ ಕೋಸ್ಟಿನ ಅಬಿಜಾನ್‌ನಲ್ಲಿ ಇವತ್ತಿಗೂ ಅದೇ ದುಡ್ಡಿನಲ್ಲಿ ಮಾಲು ಕೊಳ್ಳುತ್ತಾನೆ.

ದಿಗ್ಬಂಧನದ ಕಾಲದಲ್ಲಿ ಆ ಕೇಂದ್ರ ಬ್ಯಾಂಕೂ ನೈಜರ್‌ನ ಹಣ ತಡೆಹಿಡಿದಿತ್ತು. ಆದ್ದರಿಂದ ಅದು ಎಲ್ಲ ಕಷ್ಟಕ್ಕೂ ಮದ್ದು ಅಂತ ನಾನು ಹೇಳುವುದಿಲ್ಲ. ಆದರೆ ಪಶ್ಚಿಮದಲ್ಲಿ ಒಂದೇ ಒಂದು ಒಕ್ಕೂಟ ಇದ್ದಿದ್ದರೆ, ರಾಜಕೀಯ ಜಗಳದಲ್ಲಿ ಅದನ್ನು ಬಿಟ್ಟ ದಿನವೇ ಸುಂಕ, ದುಡ್ಡು, ಬಂದರು ಎಲ್ಲ ಒಟ್ಟಿಗೆ ಕಳಚಿಬೀಳುತ್ತಿತ್ತು. ಒಂದು ಹಗ್ಗ ಹರಿದರೂ ಇನ್ನೊಂದು ಹಿಡಿದಿದೆ. ನಾವು ಪುಸ್ತಕದಲ್ಲಿ ಗೋಜಲು ಅನ್ನುವುದು ಅಲ್ಲಿನ ಜನಕ್ಕೆ ಆಸರೆಯೂ ಆಗಿದೆ.

ಮಲ್ಲಿಗೆ_ಧಾರವಾಡ:

ಇಬ್ಬರಿಗೂ ತುಂಬಾ ಧನ್ಯವಾದ. ಟಬ್ಬಿನ ಕಥೆಯಿಂದಲೇ ಸೆಮಿನಾರ್ ಶುರು ಮಾಡಬೇಕು ಅನ್ನಿಸುತ್ತಿದೆ. ಒಂದು ಅನುಮಾನ ಸರ್. ಕೊಮೆಸಾ, ಇಎಸಿ, ಸಾಡೆಕ್ ಮೂರೂ ಸೇರಿ ತ್ರಿಪಕ್ಷೀಯ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡಿವೆ ಅಂತ ಓದಿದೆ. ಅದು ವಿಲೀನವೇ ಅಲ್ಲವೇ? ಮತ್ತೆ ಖಂಡದ ಒಪ್ಪಂದ ಬಂದಮೇಲೆ ಅದಕ್ಕೆ ಏನು ಬೆಲೆ?

ಕಾರವಾರದವ:

ಒಳ್ಳೆ ಪ್ರಶ್ನೆ ತಂಗೀ. ಗೇರುಬೀಜದವರೇ, ನಿಮ್ಮ ಮಾತು ನನಗೆ ಹೊಳೆದಿರಲಿಲ್ಲ. ಎರಡು ಕಡೆ ಸದಸ್ಯರಾಗುವುದು ಬರೀ ತಲೆನೋವು ಅಂತಲೇ ನಾನು ಅಂದುಕೊಂಡಿದ್ದೆ. ನಾನು ನೋಡಿದ ಗಡಿಗಳಲ್ಲಿ ಯುದ್ಧ, ಸೇನಾದಂಗೆ ಇರಲಿಲ್ಲ. ಆ ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ.

ತ್ರಿಪಕ್ಷೀಯ ಒಪ್ಪಂದ ವಿಲೀನ ಅಲ್ಲ. ಅದರ ಹಿಂದಿನ ಕಾರಣ ಹೀಗಿದೆ. ಒಂದು ದೇಶ ಎರಡು ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಇರಬಹುದು, ಎರಡು ಸುಂಕ ಒಕ್ಕೂಟದಲ್ಲಿ ಇರಲು ಆಗುವುದಿಲ್ಲ. ಹೊರಗಿನ ಮಾಲಿಗೆ ಒಂದೇ ಬಾಗಿಲಲ್ಲಿ ಎರಡು ಥರ ಸುಂಕ ಹಾಕುವುದು ಹೇಗೆ? ಇಎಸಿ ಆಗಲೇ ಸುಂಕ ಒಕ್ಕೂಟ ಆಗಿತ್ತು. ಕೊಮೆಸಾ ಮತ್ತು ಸಾಡೆಕ್ ಕೂಡ ನಾವೂ ಆಗುತ್ತೇವೆ ಅಂತ ಹೊರಟಿದ್ದವು. ಕೀನ್ಯಾ, ತಾಂಜಾನಿಯಾ, ಜಾಂಬಿಯಾಕ್ಕೆಲ್ಲ ಯಾವುದೋ ಒಂದನ್ನು ಆರಿಸಿಕೊಳ್ಳುವ ಒತ್ತಡ. ಅದಕ್ಕೆ 2008ರಲ್ಲಿ ಕಂಪಾಲಾದಲ್ಲಿ ಮೂರರ ನಾಯಕರೂ ಕೂತು, ಮೂರನ್ನೂ ಹಾಗೇ ಇಟ್ಟು ಮೇಲೊಂದು ಮುಕ್ತ ವ್ಯಾಪಾರದ ಚಪ್ಪರ ಹಾಕೋಣ ಅಂದರು. 2015ರ ಜೂನ್‌ನಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಸಹಿ. 14 ದೇಶಗಳ ಅನುಮೋದನೆ ಬೇಕಿತ್ತು. ಅದು ಸಿಕ್ಕು ಜಾರಿಯಾದದ್ದು 2024ರ ಜುಲೈ 25ಕ್ಕೆ. ಮಾತು ಶುರುವಾಗಿ 16 ವರ್ಷ. ಒಂದು ಚಪ್ಪರಕ್ಕೇ ಇಷ್ಟು ಹಿಡಿದರೆ, ಮೂರು ಮನೆ ಕೆಡವಿ ಒಂದು ಕಟ್ಟುವುದಕ್ಕೆ ಎಷ್ಟು ಹಿಡಿಯಬಹುದು, ನೀನೇ ಲೆಕ್ಕ ಹಾಕು.

ಅದರ ಲಾಭ ಎಲ್ಲಿ ಅಂದರೆ ಮೊದಲು ಯಾವ ನಂಟೂ ಇಲ್ಲದವರ ನಡುವೆ. ದಕ್ಷಿಣ ಆಫ್ರಿಕಾ ಕೊಮೆಸಾದಲ್ಲಿಲ್ಲ. ಕೀನ್ಯಾ, ಈಜಿಪ್ಟ್ ಸಾಡೆಕ್‌ನಲ್ಲಿಲ್ಲ. ಖಂಡದ ದೊಡ್ಡ ಕಾರ್ಖಾನೆಗಳಿರುವ ದೇಶಗಳಿವು, ಆದರೂ ದಕ್ಷಿಣ ಆಫ್ರಿಕಾ ಒಂದು ಕಡೆ, ಕೀನ್ಯಾ ಮತ್ತು ಈಜಿಪ್ಟ್ ಇನ್ನೊಂದು ಕಡೆ ನಿಂತು ಪರಸ್ಪರ ಪೂರ್ತಿ ಸುಂಕ ಹಾಕುತ್ತಾ ಬಂದಿದ್ದವು. ತಾಂಜಾನಿಯಾ ಮತ್ತು ಜಾಂಬಿಯಾದ ನಡುವೆ ಇದರಿಂದ ಹೊಸದಾಗಿ ಏನೂ ಹೆಚ್ಚು ಬರುವುದಿಲ್ಲ. ಅವರಿಬ್ಬರಿಗೂ ಸಾಡೆಕ್ ಇದ್ದೇ ಇದೆ. ಸೆಮಿನಾರ್‌ನಲ್ಲಿ ಈ ಎರಡು ಜೋಡಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸು.

ಖಂಡದ ಒಪ್ಪಂದದ 19ನೇ ವಿಧಿಯನ್ನು ತಪ್ಪದೆ ಓದು. ಎರಡು ನಿಯಮಗಳಲ್ಲಿ ಘರ್ಷಣೆ ಬಂದರೆ ಖಂಡದ ಒಪ್ಪಂದದ ಮಾತೇ ನಿಲ್ಲುತ್ತದೆ ಅಂತ ಅಲ್ಲಿ ಇದೆ. ಅದರ ಬೆನ್ನಿಗೇ, ತಮ್ಮೊಳಗೆ ಅದಕ್ಕಿಂತ ಹೆಚ್ಚು ಹತ್ತಿರ ಬಂದಿರುವ ಒಕ್ಕೂಟಗಳು ಆ ಮಟ್ಟವನ್ನು ಹಾಗೇ ಉಳಿಸಿಕೊಳ್ಳಬೇಕು ಅಂತಲೂ ಇದೆ. ಅಂದರೆ ಬರೆದವರೇ ವಿಲೀನ ಬೇಡ ಅಂತ ತೀರ್ಮಾನ ಮಾಡಿದ್ದಾರೆ. ಹಳೆಯ ಒಕ್ಕೂಟಗಳು ಅದಕ್ಕೆ ಇಟ್ಟಿಗೆ.

ಇನ್ನೊಂದು ಹೇಳಿ ಮುಗಿಸುತ್ತೇನೆ, ಇದು ನನಗೆ ನೋವಿನ ವಿಷಯ. ಒಕ್ಕೂಟ ಒಂದೇ ಆಗಿದ್ದರೂ ಗಡಿ ತೆರೆದಿರುತ್ತದೆ ಅಂತ ನಂಬಬೇಡ. 2017ರಲ್ಲಿ ಕೀನ್ಯಾದಿಂದ ನಮಂಗಾ ಗಡಿಗೆ ತಂದ 6,400 ಕೋಳಿಮರಿಗಳನ್ನು ತಾಂಜಾನಿಯಾದಲ್ಲಿ ಸುಟ್ಟರು. ಹಕ್ಕಿಜ್ವರದ ಭಯ ಅಂದರು. 2021ರ ಮಾರ್ಚ್‌ನಲ್ಲಿ ಕೀನ್ಯಾ ಬೂಷ್ಟಿನ ವಿಷ ಇದೆ ಅಂತ ತಾಂಜಾನಿಯಾ ಮತ್ತು ಉಗಾಂಡದ ಜೋಳ ನಿಲ್ಲಿಸಿತು. ಮುಸುಕಿನ ಜೋಳ, ಇಲ್ಲಿನವರ ಊಟವೇ ಅದು. ಮೂರೂ ಇಎಸಿ ದೇಶಗಳೇ. ನೈಜೀರಿಯಾ ಎಕೊವಾಸ್‌ನ ದೊಡ್ಡಣ್ಣ. ಅದು 2019ರ ಆಗಸ್ಟ್‌ನಿಂದ 2020ರ ಡಿಸೆಂಬರ್‌ವರೆಗೆ ತನ್ನ ಭೂಗಡಿಗಳನ್ನು ಮುಚ್ಚಿತ್ತು. ಒಕ್ಕೂಟದ ಸಂಖ್ಯೆ ಎಂಟೋ ಒಂದೋ, ಇಂಥ ದಿನ ಬಂದಾಗ ತಕ್ಷಣ ಕೇಳುವ ಜಾಗ ಇಲ್ಲ. ಅರುಶಾದಲ್ಲಿ ಇಎಸಿಯ ನ್ಯಾಯಾಲಯ ಇದೆ. ಆದರೆ ಬುಟ್ಟಿಯಲ್ಲಿ ಟೊಮೆಟೊ ಹೊತ್ತು ಗಡಿ ದಾಟುವ ಹೆಣ್ಣುಮಗಳು ಅಲ್ಲಿಗೆ ಹೋಗುವ ಹೊತ್ತಿಗೆ ಟೊಮೆಟೊ ಕೊಳೆತಿರುತ್ತದೆ.

ಅಂಥವರಿಗಾಗಿ ಕೊಮೆಸಾ ಒಂದು ಒಳ್ಳೆ ಕೆಲಸ ಮಾಡಿದೆ. ಸಣ್ಣ ವ್ಯಾಪಾರಿಗಳಿಗೆ ಒಂದು ಮಿತಿಯವರೆಗೆ ಸರಳ ಫಾರಂ. ಯಾವ ಮಾಲಿಗೆ ಸುಂಕ ಇಲ್ಲ ಅನ್ನುವ ಪಟ್ಟಿ ಗಡಿಯಲ್ಲೇ ಇರುತ್ತದೆ. ಪಟ್ಟಿಯಲ್ಲಿದ್ದರೆ ಅಲ್ಲೇ ಫಾರಂ ತುಂಬಿ ದಾಟಬಹುದು. ಇಎಸಿಯಲ್ಲೂ ಇಂಥದ್ದೇ ಒಂದಿದೆ. ನಾನು ಕಂಡಂತೆ ಈ ಫಾರಂ ಬಗ್ಗೆ ಗೊತ್ತಿಲ್ಲದೆ ಎಷ್ಟೋ ಹೆಂಗಸರು ಗಡಿಯ ಪಕ್ಕದ ಕಾಲುದಾರಿ ಹಿಡಿಯುತ್ತಾರೆ. ನಿನ್ನ ಸೆಮಿನಾರ್‌ನಲ್ಲಿ ಅವರಿಗೆ ಒಂದು ಪುಟ ಕೊಡು. ಕೊಮೆಸಾ, ಇಎಸಿ ಎರಡರ ಫಾರಂ ನನ್ನ ಹತ್ತಿರ ಇವೆ. ಇಲ್ಲೇ ಮೆಸೇಜ್ ಮಾಡು, ಫೋಟೋ ತೆಗೆದು ಕಳಿಸುತ್ತೇನೆ.